ಗಾಳಕ್ಕೆ ಕಟ್ಟಿದ ಮಣ್ಣು

"ಗುರುಗಳೇ, ಒಳ್ಳೆಯ ಮಾತನ್ನು ಜನ ಯಾಕೆ ಕೇಳುವುದಿಲ್ಲ?"

ಕೇಳಿದವನು ಚೆನ್ನವೀರನೆಂಬ ಶಿಷ್ಯ. ಹಳ್ಳಕ್ಕೆ ಕಸ ಸುರಿಯಬೇಡಿ ಎಂದು ಊರಿನ ಮನೆಮನೆಗೂ ಹೋಗಿ ಹೇಳಿ ಆಗಷ್ಟೇ ಮಠಕ್ಕೆ ಮರಳಿದ್ದ. "ಬಾಯಿ ಒಣಗುವಷ್ಟು ಹೇಳಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು" ಎಂದ. ಅವನ ದನಿಯಲ್ಲಿ ಸಿಟ್ಟೂ ಇತ್ತು, ಅಳುವೂ ಇತ್ತು.

"ಬಾಯಿ ಒಣಗಿದ್ದರೆ ಮೊದಲು ನೀರು ಕುಡಿ ಮಾರಾಯ. ಕೋಣಗಳು ಎಲ್ಲಿಗೂ ಓಡಿಹೋಗುವುದಿಲ್ಲ" ಎಂದು ಗುರುಗಳು ನಕ್ಕರು. ಅವನು ನೀರು ಕುಡಿದು ಕುಳಿತ ಮೇಲೆ ಈ ಕತೆ ಹೇಳಿದರು.

ಒಂದು ಕೆರೆ. ಅದರ ದಂಡೆಯಲ್ಲಿ ದಿನವೂ ಗಾಳ ಹಾಕಿ ಕೂರುವ ಹತ್ತಾರು ಜನ. ಅವರಲ್ಲಿ ಒಬ್ಬ ಬಲು ಜಾಣ. ಗಾಳ ನೀರಿನಲ್ಲಿ ಮುಳುಗಬೇಕಾದರೆ ದಾರಕ್ಕೆ ಸೀಸದ ಗುಂಡು ಕಟ್ಟಬೇಕಲ್ಲ? ಆ ಗುಂಡನ್ನು ಇವನು ಬೇಕೆಂದೇ ಸವೆದ ನೂಲಿನಲ್ಲಿ ಕಟ್ಟುತ್ತಿದ್ದ. ಕಲ್ಲಿಗೋ ಬೇರಿಗೋ ಸಿಕ್ಕಿಕೊಂಡರೆ ನೂಲು ಹರಿದು ಗುಂಡು ಮಾತ್ರ ಕೆರೆಯ ಪಾಲಾಗುತ್ತಿತ್ತು. ಗಾಳವೂ ಮೀನೂ ಕೈಗೆ ಬರುತ್ತಿದ್ದವು. ಈ ಉಪಾಯವನ್ನು ದಂಡೆಯವರೆಲ್ಲ ಇವನಿಂದ ಕಲಿತರು. ಇವನಿಗೆ ಅದೊಂದು ಹೆಮ್ಮೆ.

ಅದೇ ದಂಡೆಯಲ್ಲಿ ಅವನ ಅಕ್ಕನ ಮನೆ. ಅವಳು ಬಾತುಕೋಳಿ ಸಾಕಿದ್ದಳು. ಮೊಟ್ಟೆ ಮಾರಿಯೇ ಸಂಸಾರ ನಡೆಯಬೇಕು. ಒಂದು ಬೇಸಿಗೆಯಲ್ಲಿ ಬಾತುಗಳು ಕತ್ತು ಜೋತುಹಾಕಿ, ರೆಕ್ಕೆ ಇಳಿಬಿಟ್ಟು ಒಂದೊಂದಾಗಿ ಸಾಯತೊಡಗಿದವು. ಯಾರದೋ ಕಣ್ಣು ಬಿತ್ತೆಂದು ಅಕ್ಕ ದೃಷ್ಟಿ ತೆಗೆದಳು. ಆದರೂ ಸತ್ತವು. ಕೊನೆಗೆ ಸತ್ತ ಬಾತೊಂದನ್ನು ಸೀಳಿ ನೋಡಿದಳು. ತಿಂದದ್ದನ್ನು ಅರೆಯಲೆಂದು ಬಾತುಗಳು ಕೆಸರಿನ ಹರಳು ನುಂಗುತ್ತವೆ. ಈ ಬಾತಿನ ಹೊಟ್ಟೆಯೊಳಗೆ ಹರಳುಗಳ ನಡುವೆ ಒಂದು ಸೀಸದ ಗುಂಡು ಇತ್ತು; ಹರಳಿನ ಜೊತೆ ಅರೆದು ಸೀಸ ಮೈಗೆ ವಿಷವಾಗಿ ಏರಿತ್ತು. ಗುಂಡಿನಲ್ಲಿ ಸವೆದ ನೂಲಿನ ತುಂಡು ಇನ್ನೂ ಅಂಟಿಕೊಂಡಿತ್ತು.

ಅಕ್ಕ ಅದನ್ನು ತಮ್ಮನ ಅಂಗೈಯಲ್ಲಿ ಇಟ್ಟಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅಂದಿನಿಂದ ಅವನು ಸೀಸ ಮುಟ್ಟಲಿಲ್ಲ. ಕೆರೆಯ ಜೇಡಿಮಣ್ಣನ್ನೇ ಉಂಡೆ ಮಾಡಿ, ಒಣಗಿಸಿ ದಾರಕ್ಕೆ ಕಟ್ಟಿದ. ನೀರಿಗೆ ಬಿದ್ದ ಕೂಡಲೇ ಉಂಡೆ ಒಡೆಯಿತು. ಅಂಟಿಗೆಂದು ತವುಡನ್ನೂ ಶೇಂಗಾ ಹಿಂಡಿಯನ್ನೂ ಸೇರಿಸಿ ನಾದಿದ. ಈಗ ಉಂಡೆ ನಿಂತಿತು. ಬಹಳ ಹೊತ್ತು ತಡೆದು, ಆಮೇಲೆ ಕರಗಿ ಕೆರೆಯ ಮಣ್ಣಿಗೇ ಸೇರಿತು.

ಇನ್ನು ಅವನು ಸುಮ್ಮನಿದ್ದಾನೆಯೇ? ಬುಟ್ಟಿ ತುಂಬ ಉಂಡೆ ಹೊತ್ತು ದಂಡೆಯ ಉದ್ದಕ್ಕೂ ಹಂಚಿದ. ಸತ್ತ ಬಾತುಗಳ ಕತೆ ಹೇಳಿದ. ಪಾಪ ಪುಣ್ಯ ಹೇಳಿದ. ಗಾಳ ಹಾಕುವವರಲ್ಲಿ ಒಂದು ಕಟ್ಟಳೆ ಉಂಟು: ದಂಡೆಯ ಮೇಲೆ ಮಾತಾಡಬಾರದು, ಮೀನು ಬೆದರುತ್ತದೆ. ಇವನೋ ಬೆಳಗಿನಿಂದ ಸಂಜೆಯ ತನಕ ಒದರಿದ. ಅಂದು ಯಾರಿಗೂ ಒಂದು ಮೀನೂ ಬೀಳಲಿಲ್ಲ. "ಇವನ ಮಣ್ಣುಂಡೆಯೇ ಅಪಶಕುನ" ಎಂದು ಉಂಡೆಗಳನ್ನು ಅವನ ಕಣ್ಣೆದುರಿಗೇ ನೀರಿಗೆ ಎಸೆದು ಎದ್ದುಹೋದರು.

ಅವನು ಅಕ್ಕನ ಜಗಲಿಗೆ ಬಂದು ಕುಳಿತ. "ಇವರಿಗೆ ಕರುಳೇ ಇಲ್ಲ ಅಕ್ಕಾ" ಎಂದ.

"ಅದಿರಲಿ, ನೀನು ಮನೆಗೆ ಮೀನು ತಂದು ಎಷ್ಟು ಕಾಲವಾಯಿತೋ ತಮ್ಮಾ? ನಾಳೆಯಾದರೂ ಬಾಯಿ ಮುಚ್ಚಿಕೊಂಡು ಮೀನು ಹಿಡಿ, ಹೋಗು" ಎಂದಳು ಅಕ್ಕ.

ಮರುದಿನ ಅವನು ಮುನಿಸಿಕೊಂಡು ಎಲ್ಲರಿಂದ ದೂರ ಕುಳಿತ. ನಗುವವರ ಕಣ್ಣಿಗೆ ಬೀಳದಿರಲೆಂದು ಉಂಡೆಗಳ ಮೇಲೆ ಟವೆಲ್ಲು ಹೊದಿಸಿದ. ಮಾತು ನಿಂತಿತು, ನೀರು ಶಾಂತವಾಯಿತು. ಹಿಂಡಿಯ ವಾಸನೆಗೆ ಮೀನು ಹುಡುಕಿಕೊಂಡು ಬಂತು. ಮಧ್ಯಾಹ್ನದೊಳಗೆ ಅವನ ಬುಟ್ಟಿ ತುಂಬಿತು.

ಗಾಳದವರ ಕಣ್ಣು ಎಲ್ಲಿರುತ್ತದೆ ಹೇಳು? ಪಕ್ಕದವನ ಬುಟ್ಟಿಯ ಮೇಲೆ! ಒಬ್ಬ ಬೀಡಿಗೆ ಬೆಂಕಿ ಕೇಳುವ ನೆಪದಲ್ಲಿ ಬಂದ. ಇನ್ನೊಬ್ಬ ಕಾಲು ತೊಳೆಯುವ ನೆಪದಲ್ಲಿ ಬಂದ. ಸಂಜೆ ನೋಡಿದರೆ ಟವೆಲ್ಲಿನ ಅಡಿ ಅರ್ಧ ಉಂಡೆಗಳಿಲ್ಲ. ಹಂಚಿದಾಗ ಬೇಡವಾದದ್ದು ಮುಚ್ಚಿಟ್ಟಾಗ ಬೇಕಾಯಿತು. ಕೆಲವೇ ದಿನಗಳಲ್ಲಿ ದಂಡೆಯ ಮೇಲೆ ಕೂತ ಒಬ್ಬೊಬ್ಬನ ಪಕ್ಕದಲ್ಲೂ ಒಂದೊಂದು ಟವೆಲ್ಲು, ಅದರಡಿ ಮಣ್ಣುಂಡೆ. ಗುಟ್ಟು ತನಗೊಬ್ಬನಿಗೇ ಗೊತ್ತೆಂದು ಪ್ರತಿಯೊಬ್ಬನಿಗೂ ಖುಷಿಯೋ ಖುಷಿ. ನಮ್ಮ ಗಾಳದವನಿಗೆ ಒಳಗೊಳಗೇ ನಗು ಉಕ್ಕುತ್ತಿತ್ತು, ಆದರೂ ಅವನು ತುಟಿ ಬಿಚ್ಚಲಿಲ್ಲ.

ಕೆರೆಯ ನೀರು ಇನ್ನಷ್ಟು ಇಳಿದಾಗ ಅಕ್ಕ ತಮ್ಮ ಸೇರಿ ದಡದ ಕೆಸರನ್ನು ಜರಡಿ ಹಿಡಿದು ಹಳೆಯ ಸೀಸ ತೆಗೆದರು. ಹೊಸ ಸೀಸ ಬೀಳಲಿಲ್ಲ. ಬಾತುಗಳು ಸಾಯುವುದು ನಿಂತಿತು. ಮಳೆ ಬಂದು ಕೆರೆ ತುಂಬುವ ಹೊತ್ತಿಗೆ ಅಕ್ಕನ ಅಂಗಳದಲ್ಲಿ ಮರಿಗಳು ಓಡಾಡುತ್ತಿದ್ದವು. ಅಂದು ಅವಳು ತಮ್ಮನನ್ನು ಕರೆದು ಮೊಟ್ಟೆ ಸಾರಿನ ಊಟ ಬಡಿಸಿದಳು.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರನ ಮುಖ ಮಾತ್ರ ಅರಳಲಿಲ್ಲ.

"ಆದರೆ ಗುರುಗಳೇ, ಅವರು ಬಾತುಗಳ ಮೇಲಿನ ಕನಿಕರದಿಂದ ಸೀಸ ಬಿಡಲಿಲ್ಲ. ಮೀನಿನ ಆಸೆಗೆ ಬಿಟ್ಟರು. ಅವನ ಮಾತನ್ನು ಕೊನೆಗೂ ಯಾರೂ ಕೇಳಲೇ ಇಲ್ಲವಲ್ಲ?"

"ಬದುಕಿದ ಬಾತುಗಳಿಗೆ ಆ ಕೊರಗು ಇರಲಿಲ್ಲ ಕಣಪ್ಪ, ಇರುವುದು ನಿನಗೆ" ಎಂದರು ಗುರುಗಳು.