ತುದಿ ಹಿಡಿದವನು

"ಹುಲ್ಲು ಹೊಸೆಯುವವರ ಓಣಿಯ ಗುಡಿ ಕೆಡವಿ ನನ್ನ ಕುದುರೆಗೆ ದಾರಿ ಮಾಡುತ್ತೇನೆ. ಬೇಡವೆನ್ನುವವರು ಬಂದು ಮೂರು ಒಗಟು ಬಿಡಿಸಲಿ. ತಪ್ಪಿದವನ ತಲೆ ಹೋಗುತ್ತದೆ." ಜಪಾನಿನ ಒಬ್ಬ ಪಾಳೆಯಗಾರ ಹೀಗೆ ಡಂಗುರ ಹೊಡೆಸಿದ.

ಗುಡಿ ಅಂದರೆ ಎಷ್ಟು? ನಾಲ್ವರು ನಿಂತರೆ ಐದನೆಯವನು ಬೀದಿಗೆ. ಒಂದು ಗಂಟೆ, ಕೈ ತೊಳೆಯಲು ಕಲ್ಲುದೋಣಿ, ಬಾಗಿಲ ಮೇಲೆ, ಕೆಟ್ಟದ್ದು ಒಳಗೆ ಬಾರದಿರಲೆಂದು, ಹುಲ್ಲಿನ ದಪ್ಪ ಹಗ್ಗ. ಆದರೂ ಓಣಿಯಲ್ಲಿ ಕೂಸು ಹುಟ್ಟಿದರೆ ಮೊದಲು ಎತ್ತಿಕೊಂಡು ಹೋಗುವುದು ಅಲ್ಲಿಗೇ.

ಹಗ್ಗ ವರ್ಷಕ್ಕೊಮ್ಮೆ ಹೊಸದಾಗಬೇಕು. ಹುಲ್ಲಿಗೆ ನೀರು ಚಿಮುಕಿಸಿ ತೋಕುಜೋ ಹೊಸೆಯುತ್ತಿದ್ದ, ತಮ್ಮ ಯೋಹೇ ತುದಿ ಹಿಡಿಯುತ್ತಿದ್ದ.

"ಗಟ್ಟಿ ಹಿಡ್ಕೊಳೋ. ಹೊಸೆಯೋನು ನಾನು. ನೀನೇನು, ಗೂಟ."

"ಆಯ್ತಣ್ಣ."

ಮೊದಲು ಹೋದ ಹೆಂಡದ ಸಾಹುಕಾರ ಒಂದನೇ ಒಗಟಿಗೇ ಮುಗಿದ. ಆಮೇಲೆ ತೋಕುಜೋ ಎದೆ ಸೆಟೆಸಿಕೊಂಡು ಹೋದ. ಎರಡು ಬಿಡಿಸಿದ. ಮೂರನೆಯದಕ್ಕೆ "ಕೋಟೆಗೋಡೆ" ಅಂದ. ಅವನ ಹೆಂಡತಿ ಓಮಿನೆಗೆ ಚಪ್ಪಲಿ ಮಾತ್ರ ವಾಪಸು ಬಂತು.

ಮರುದಿನ ಯೋಹೇ ಹೋಗಿ ನಿಂತ. ಒಗಟುಗಳು ಅವೇ ಮೂರು.

"ಗುಂಡು ನುಂಗಿ ತೂಗುತ್ತದೆ. ಬಡವ ಬಂದರೂ ಬಲ್ಲಿದ ಬಂದರೂ ಒಂದೇ ಕೂಗು. ಏನದು?" ಎಂದ ಪಾಳೆಯಗಾರ.

"ಗುಡಿಯ ಗಂಟೆ, ಒಡೆಯಾ. ಹೊಟ್ಟೆಯೊಳಗಿನ ಗುಂಡು ಉರುಳಿದರೇ ಸದ್ದು."

"ಬಗ್ಗಿದವನ ಮುಖ ತೋರಿಸುತ್ತದೆ. ಹಿಡಿಯಹೋದರೆ ಕೈ ತೊಳೆದು ಕಳಿಸುತ್ತದೆ."

"ಕಲ್ಲುದೋಣಿಯ ನೀರು."

"ಸತ್ತು ಒಣಗಿಯೂ ಗಡಿ ಕಾಯುತ್ತದೆ. ಒಬ್ಬನ ಕೈಯಲ್ಲಿ ಹುಟ್ಟುವುದಿಲ್ಲ."

 ವರ್ಷವರ್ಷವೂ ಮುಟ್ಟುತ್ತಿದ್ದದ್ದೇ ಅಣ್ಣನಿಗೆ ಯಾಕೆ ಹೊಳೆಯಲಿಲ್ಲವೆಂದು ಯೋಹೇಗೆ ಆಗ ತಿಳಿಯಿತು.

"ನಮ್ಮ ಹುಲ್ಲಿನ ಹಗ್ಗ, ಒಡೆಯಾ. ಕೊಯ್ದ ಹುಲ್ಲು ದೇವರ ಬಾಗಿಲು ಕಾಯುತ್ತದೆ. ಹೊಸೆಯೋಕೆ ಒಬ್ಬ, ತುದಿಗೆ ಒಬ್ಬ ಬೇಕು. ನಾನೊಬ್ಬನೇ ಮಾಡ್ತೀನಿ ಅಂತ ನಂಬಿದ್ದ ನಮ್ಮಣ್ಣ. ಅದಕ್ಕೇ ತಪ್ಪಿದ."

"ಗೆದ್ದೆ. ಗುಡಿ ನಿಮ್ಮದೇ. ಇನ್ನೇನು ಬೇಕೋ ಕೇಳು."

"ತುದಿ ಹಿಡಿಯೋಕೆ ನಾನಿದೀನಿ. ಹೊಸೆಯೋನನ್ನ ಕೊಡಿ."

ಸತ್ತವನನ್ನು ಪಾಳೆಯಗಾರ ಎಲ್ಲಿಂದ ತಂದಾನು? ಅದೊಂದು ಬಿಟ್ಟು ಬೇರೆ ಕೊಟ್ಟ: ಗುಡಿಯ ಹಿಂದಿನ ಭತ್ತದ ಗದ್ದೆ.

ಸೂತಕ ಕಳೆದ ಮೇಲೆ ಆ ಗದ್ದೆಯ ಹುಲ್ಲನ್ನೇ ಹರವಿಕೊಂಡು ಯೋಹೇ ಅಣ್ಣನ ಜಾಗದಲ್ಲಿ ಕೂತ. ಓಮಿನೆ ತಾನಾಗಿ ಬಂದು ತುದಿ ಹಿಡಿದಳು.

"ಗಟ್ಟಿ ಹಿಡ್ಕೊಳ್ಳಿ ಅತ್ತಿಗೆ."

"ಅವರೂ ಹೀಗೇ ಅಂತಿದ್ರಾ?"

"ಗೂಟ ಅಂತಿದ್ದ."

ಅವಳು ನಕ್ಕಳು. ನಗು ನಡುವೆಯೇ ಮುರಿಯಿತು. ಆ ವರ್ಷ ಹುಲ್ಲಿಗೆ ನೀರು ಚಿಮುಕಿಸಬೇಕಾಗಲಿಲ್ಲ.