ಕೊಂಬಿನ ಮೇಲೆ ಕೂತ ಏಡಿ

ಪುಟ್ಟ ಓದುಗರೇ, ಹೊಳೆ ಹೋಗಿ ಸಮುದ್ರಕ್ಕೆ ಸೇರುವ ಜಾಗಕ್ಕೆ ಅಳಿವೆ ಅನ್ನುತ್ತಾರೆ. ಅಂಥ ಒಂದು ಅಳಿವೆಯ ಬದಿಯಲ್ಲಿ ಉಪ್ಪುನೀರಲ್ಲೇ ಬೇರೂರಿ ಬೆಳೆಯುವ ಕಾಂಡ್ಲಾ ಮರಗಳ ಕಾಡಿತ್ತು. ಕಾಡಿನ ಮುಂದೆ ಕೆಸರಿನ ದೊಡ್ಡ ಬಯಲು, ಬಯಲಿನಾಚೆ ಎತ್ತರದ ಮರಳ ದಿಬ್ಬ, ದಿಬ್ಬದಾಚೆ ಸಮುದ್ರ. ಆ ಕೆಸರಿನಲ್ಲಿ ಬಿಲ ತೋಡಿಕೊಂಡು ನೂರಾರು ಏಡಿಗಳು ಸಂಸಾರ ನಡೆಸುತ್ತಿದ್ದವು.

ಅಲ್ಲಿಗೆ ಒಂದು ಮಧ್ಯಾಹ್ನ ಬಯಲುಸೀಮೆಯಿಂದ ಚಂಗ ಎಂಬ ಕೃಷ್ಣಮೃಗ ಬಂದ. ಬಂದ ಅನ್ನುವುದಕ್ಕಿಂತ ನೆಗೆದುಕೊಂಡು ಬಂದ ಅನ್ನಿ! ಅವನ ಪ್ರವಾಸವೇ ಹಾಗೆ. ಒಂದೂರಿಗೆ ನೆಗೆಯುವುದು, ಕಣ್ಣಿನ ಕೆಳಗೆ ಒಸರುವ ಅಂಟನ್ನು ಅಲ್ಲಿನ ಗಿಡದ ಕಡ್ಡಿಗೆ ಒರೆಸುವುದು, "ಇದೂ ಮುಗೀತು!" ಎಂದು ಮುಂದಿನ ಊರಿಗೆ ನೆಗೆಯುವುದು. ಕೃಷ್ಣಮೃಗಗಳು ತಾವು ಇರುವ ಜಾಗಕ್ಕೆ ಹಾಗೆ ಗುರುತು ಹಾಕುವುದುಂಟು. ಈ ಮಹಾಶಯ ಮಾತ್ರ ಕಂಡ ಕಂಡ ಊರಿಗೆಲ್ಲ ಹಾಕುತ್ತ ಬಂದಿದ್ದ. ಎಲ್ಲಿಯೂ ಯಾರ ಜೊತೆಗೂ ಎರಡು ಮಾತಾಡಿದವನಲ್ಲ.

ಇವತ್ತು ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅವನ ಹಿಂಡಿನಲ್ಲಿ ಯಾರೂ ಕಾಣದ ಸಮುದ್ರ ಇನ್ನೇನು ಸಿಕ್ಕೇಬಿಡುತ್ತದೆ! ಗುಡುಗುಡು ಸದ್ದು ಆಗಲೇ ಕೇಳುತ್ತಿದೆ!

ಕೆಸರಿನ ಅಂಚಿನಲ್ಲಿ ಕೆಂಗೈಯಣ್ಣ ಎಂಬ ಏಡಿ ಮಣ್ಣಿನ ಉಂಡೆ ಕಟ್ಟುತ್ತಿದ್ದ. ಮೈ ಹೆಬ್ಬೆರಳಿನಷ್ಟು. ಒಂದು ಕೈ ಮಾತ್ರ ಮೈಯಷ್ಟೇ ದೊಡ್ಡದು, ಕೆಂಪು ಕೆಂಪು. ಅದನ್ನು ಎತ್ತಿ ಬೀಸಿ ಕೂಗಿದ.

"ಹೋಯ್, ಎಲ್ಲಿಂದ ಬಂದೆ ಮಾರಾಯ? ಬಾ, ಸ್ವಲ್ಪ ಕೂತು ಹೋಗು. ಈಗ ಕೆಸರಿಗೆ ಇಳಿಯುವ ಹೊತ್ತಲ್ಲ."

"ಕೂಡಾಕ ನನಗ ಟೈಮಿಲ್ಲ," ಅಂದ ಚಂಗ. "ಇಲ್ಲಿ ಬರೀ ಕೆಸರೈತಿ, ನೋಡೂದೇನೈತಿ? ಸಮುದ್ರ ನೋಡಾಕ ಹೊಂಟೀನಿ ನಾನು."

"ಹಾಗಾದ್ರೆ ನೇರ ಹೋಗಬೇಡ. ನಮ್ಮ ನೀರುನಾಯಿ ದುಗ್ಗಕ್ಕನನ್ನು ಕರೀತೇನೆ, ಅವಳು ದಾರಿ ತೋರಿಸ್ತಾಳೆ."

"ಓಡೂದು ನನಗ ಯಾರೂ ಕಲಿಸಬೇಕಾಗಿಲ್ಲ!"

ಅಷ್ಟರಲ್ಲಿ ಸುತ್ತಲಿನ ಏಡಿಗಳೆಲ್ಲ ಒಂದೊಂದು ಉಂಡೆ ಎಳೆದುಕೊಂಡು ಬಿಲದೊಳಗೆ ಇಳಿದು, ಟಪ್ ಟಪ್ ಎಂದು ಬಾಗಿಲು ಮುಚ್ಚಿಕೊಂಡವು. ಚಂಗನಿಗೆ ಸಿಟ್ಟು ನೆತ್ತಿಗೇರಿತು. "ಎಂಥಾ ಮಂದಿ ಇವರು! ಪರಊರಿನವರು ಬಂದ್ರ ಮುಖದ ಮ್ಯಾಲ ಬಾಗಿಲಾ ಹಾಕ್ತಾರ!"

ಪಾಪ, ಸಮುದ್ರದ ಉಬ್ಬರ ಏರಿ ಬರುವ ಮುನ್ನ ಆ ಏಡಿಗಳು ಮನೆ ಮುಚ್ಚುತ್ತವೆ ಎಂದು ಅವನಿಗೇನು ಗೊತ್ತು? ಕೇಳಿದ್ದರೆ ಯಾರಾದರೂ ಹೇಳುತ್ತಿದ್ದರು.

ಚಂಗ ನೆಗೆದ. ಒಂದು ನೆಗೆತ, ಎರಡು, ಮೂರು! ನಾಲ್ಕನೆಯದಕ್ಕೆ ಪಚಕ್ ಎಂದು ನಾಲ್ಕೂ ಕಾಲು ಕೆಸರಿನಲ್ಲಿ ಹೂತವು. ಒದ್ದ, ಇನ್ನೂ ಇಳಿದ. ಮತ್ತೆ ಒದ್ದ, ಹೊಟ್ಟೆಯವರೆಗೂ ಇಳಿದ. ಅತ್ತ ನೋಡಿದರೆ ನೀರು! ಅಳಿವೆಯ ಬಾಯಿಂದ ನೊರೆ ಕಟ್ಟಿಕೊಂಡು ಅವನ ಕಡೆಗೇ ಬರುತ್ತಿದೆ.

"ಸತ್ತೆನಪ್ಪೋ! ಯಾರರ ಬರ್ರಿ!"

ಕೆಂಗೈಯಣ್ಣ ತನ್ನ ಬಾಗಿಲಿಗೆಂದು ಹಿಡಿದಿದ್ದ ಉಂಡೆಯನ್ನು ನೋಡಿದ. ಈಗ ಮುಚ್ಚದಿದ್ದರೆ ನೀರು ನುಗ್ಗಿ ಮನೆ ಕುಸಿಯುತ್ತದೆ. ಒಂದೇ ಕ್ಷಣ ಯೋಚಿಸಿದ. ಉಂಡೆ ಕೈಬಿಟ್ಟು, ಕೆಸರಿನ ಮೇಲೆ ಅಡ್ಡಡ್ಡ ಓಡಿ, ಚಂಗನ ಮೈ ಹತ್ತಿ, ಸುರುಳಿ ಸುರುಳಿ ಕೊಂಬಿನ ತುದಿಗೆ ಏರಿಬಿಟ್ಟ.

"ಒದೀಬೇಡ ಮಾರಾಯ! ಹೊಟ್ಟೆ ಕೆಸರಿಗೆ ಊರಿ ಸುಮ್ಮನೆ ಮಲಗು."

"ನೀರು ಬರಾಕತ್ತೈತಿ! ನಾ ಮುಳುಗಿ ಹೋಗ್ತೀನಿ!"

"ಆ ನೀರೇ ನಿನ್ನನ್ನು ಬಿಡಿಸೋದು. ಅದು ಒಳಗೆ ಇಳಿದರೆ ಕೆಸರು ಸಡಿಲ ಆಗ್ತದೆ. ನಾನು ಹೇಳುವವರೆಗೆ ಅಲ್ಲಾಡಬೇಡ!"

ಓಡುವುದಕ್ಕೇ ಹುಟ್ಟಿದವನಿಗೆ ಸುಮ್ಮನಿರು ಅಂದರೆ ಹೇಗಿರಬೇಡ! ನೀರು ಎದೆಗೆ ಬಂತು, ಕುತ್ತಿಗೆಗೆ ಬಂತು, ಗದ್ದ ಮುಟ್ಟಿತು. ಚಂಗ ಮೂಗನ್ನಷ್ಟೇ ಮೇಲೆತ್ತಿ ಹಿಡಿದ, ಕಾಲು ಅಲ್ಲಾಡಿಸಲಿಲ್ಲ. ಜನ್ಮದಲ್ಲಿ ಮೊದಲ ಸಲ ಬೇರೆಯವರ ಮಾತು ಕೇಳಿದ್ದ.

"ಈಗ! ಮುಂದಿನ ಎಡಗಾಲು, ಮೆಲ್ಲಗೆ ಎಳಿ... ಬಂತಾ? ಈಗ ಬಲಗಾಲು!"

ಒಂದೊಂದಾಗಿ ನಾಲ್ಕೂ ಕಾಲು ಬಿಟ್ಟುಕೊಂಡವು. ಚಂಗ ತೇಲಿದ! ಅಷ್ಟು ಹೊತ್ತಿಗೆ ಅವನ ಕೂಗು ಕೇಳಿದ್ದ ದುಗ್ಗಕ್ಕ ಈಜಿ ಬಂದು, "ಬಾ ತಮ್ಮಾ, ನನ್ನ ಬಾಲ ನೋಡಿಕೊಂಡು ಬಾ," ಎಂದು ಕಾಂಡ್ಲಾ ಬೇರುಗಳ ಹತ್ತಿರ ಸೇರಿಸಿದಳು. ಬದುಕಿದ ಸಂತೋಷಕ್ಕೆ ಚಂಗ ಅತ್ತೇಬಿಟ್ಟ.

ಮರುದಿನ ಬೆಳಿಗ್ಗೆ ನೀರು ಇಳಿದಾಗ ನೋಡಿದರೆ ಕೆಂಗೈಯಣ್ಣನ ಮನೆ ನೆಲಸಮವಾಗಿತ್ತು. ಅವನು ಗೊಣಗದೆ ಹೊಸ ಬಿಲ ತೋಡಲು ಕೂತ. "ನೀನು ಹೊರಡು. ಸಮುದ್ರ ನೋಡಬೇಕು ಅಂತಿದ್ದೆಯಲ್ಲ?"

"ಸಮುದ್ರ ಎಲ್ಲಿ ಓಡಿಹೋಗ್ತೈತಿ? ನಿನ್ನ ಮನಿ ಮೊದಲು," ಅಂದ ಚಂಗ. ಏಡಿ ನುಂಗುವ ಕೊಕ್ಕರೆ ಹತ್ತಿರ ಬಾರದಂತೆ ಕೊಂಬು ಝಳಪಿಸುತ್ತ, ಗಟ್ಟಿ ನೆಲದಲ್ಲಿ ಕಾವಲು ನಿಂತ. ನಿಂತಾಗ ಕಂಡದ್ದೇನು! ನೂರಾರು ಬಾಗಿಲು ತೆರೆದವು, ನೂರಾರು ಕೆಂಪು ಕೈಗಳು ಒಟ್ಟಿಗೇ ಬೀಸಿದವು. ಕೆಂಗೈಯಣ್ಣ ಒಬ್ಬೊಬ್ಬರ ಹೆಸರು, ಅವರ ಕೈಬೀಸಿನ ಅರ್ಥ ಎರಡನ್ನೂ ಹೇಳಿದ. ಇವನು ಹೆಂಡತಿ ಹುಡುಕುತ್ತಿದ್ದಾನೆ, ಅವನು ನೆರೆಯವನಿಗೆ ಬೈಯುತ್ತಿದ್ದಾನೆ! ಚಂಗ ನಕ್ಕೂ ನಕ್ಕೂ ಸುಸ್ತಾದ.

ಮನೆ ಮುಗಿದ ಮೇಲೆ ಕೆಂಗೈಯಣ್ಣನನ್ನು ಕೊಂಬಿನ ಮೇಲೆ ಕೂರಿಸಿಕೊಂಡು ಹೊರಟ. "ಚಿಪ್ಪಿ ಬಿದ್ದಲ್ಲಿ ನೆಲ ಗಟ್ಟಿ, ಅಲ್ಲೇ ಕಾಲಿಡು," ಎಂದು ಏಡಿ ದಾರಿ ಹೇಳಿದ. ಇಬ್ಬರೂ ಮರಳ ದಿಬ್ಬ ಹತ್ತಿ ನಿಂತರು.

ಎದುರಿಗೆ ಕಣ್ಣು ಹಾಯಿಸಿದಷ್ಟೂ ನೀಲಿ!

ಚಂಗ ಬಾಯಿ ತೆರೆಯುವ ಮೊದಲೇ ಕೊಂಬಿನ ಮೇಲಿಂದ ಕೂಗು ಕೇಳಿತು. "ಅಯ್ಯಯ್ಯೋ, ಇದು ಇಷ್ಟು ದೊಡ್ಡದಾ!"

"ಯಾಕಣ್ಣ, ನೀ ನೋಡಿಲ್ಲೇನು?"

"ನೆಲಕ್ಕಂಟಿ ಇರುವವನು ನಾನು. ದಿನಕ್ಕೆರಡು ಸಲ ಇದು ನನ್ನ ಮನೆ ಬಾಗಿಲಿಗೆ ಬರ್ತದೆ. ಇಷ್ಟು ಎತ್ತರದಿಂದ ನೋಡಿದ್ದು ಇವತ್ತೇ ಮಾರಾಯ!"

ನೀತಿ: ಹೋದ ಊರಿನ ನೆಲ ನೀರನ್ನು ಅಲ್ಲಿಯವರ ಜೊತೆ ಸೇರಿ ನೋಡಿದರೆ ಮಾತ್ರ ಅದು ಪ್ರವಾಸ, ಇಲ್ಲದಿದ್ದರೆ ಅದು ಬರೀ ಓಟ.