ಹಲ್ಲಿನಿಂದ ಕೇಳುತ್ತಿದ್ದ ದಾವಲಸಾಬ

ಓದುವ ಹಿರಿಯರಿಗೆ ನನ್ನ ನಮಸ್ಕಾರಗಳು. ನಾನು ನಾಲ್ಕನೆಯ ಇಯತ್ತೆಯವರೆಗೆ ಮಾತ್ರ ಶಾಲೆಗೆ ಹೋದವಳು. ನನ್ನ ಅಕ್ಷರ ಸೊಟ್ಟ, ನನ್ನಲ್ಲಿರುವ ಮಾತು ಕಡಿಮೆ. ಆದರೂ ನಮ್ಮ ಸೋದರತ್ತೆ ಹತ್ತಿ ಬಿಡಿಸುವಾಗ ಹೇಳುತ್ತಿದ್ದ ಈ ಸಂಗತಿಯು ಅವಳೊಂದಿಗೆ ಮಣ್ಣಾಗಬಾರದೆಂಬ ಆಸೆಯಿಂದ ಮೊದಲ ಸಲ ಬರೆಯಲು ಕುಳಿತಿದ್ದೇನೆ. ಅವಳು ಹೇಳಿದಂತೆಯೇ ಹೇಳುತ್ತೇನೆ.

ಬಹಳ ಹಿಂದೆ, ಎರೆಕೊಪ್ಪವೆಂಬ ಒಂದೂರಿನಲ್ಲಿ, ಸುತ್ತ ಹತ್ತು ಹಳ್ಳಿಗೆ ಒಂದೇ ಒಂದು ಮೋಟಾರು ಕಾರು ಇತ್ತಂತೆ. ಹತ್ತಿ ಮಿಲ್ಲಿನ ಮನೆತನದವರ ಕಾರು. ಕರಿಯ ಬಣ್ಣ, ಎಮ್ಮೆಯ ಕಣ್ಣಿನಂಥ ದೊಡ್ಡ ದೀಪ, ಮುಂದೆ ಮೂವರು ಕೂಡುವ ಉದ್ದನೆಯ ಆಸನ. ಆ ಕಾಲಕ್ಕೇ ಅದು ಹಳೆಯದಾಗಿತ್ತು ಎನ್ನುತ್ತಾರೆ. ಆ ಮನೆಯ ಹಿರಿಯಳು ನೀಲಗಂಗವ್ವ, ವಿಧವೆ. ಅವಳಿಗೆ ಒಬ್ಬನೇ ಮಗ ಈರಣ್ಣ. ಅವನ ಮೊದಲ ಹೆಂಡತಿ ಕಾಶವ್ವ.

ಕಾಶವ್ವನಿಗೆ ಹೆರಿಗೆ ಕಠಿಣವಾಯಿತು. ಹನ್ನೆರಡು ಮೈಲಿ ದೂರದ ಪಟ್ಟಣದ ಆಸ್ಪತ್ರೆಗೆ ಕಾರಿನಲ್ಲಿ ಹೊರಟರು. ಎಂಟನೆಯ ಮೈಲಿಗೆ ಎರಡು ಬೇವಿನ ಮರಗಳು ಒಂದಕ್ಕೊಂದು ಆತು ನಿಂತಿವೆ, ಜೋಡುಬೇವು ಎನ್ನುತ್ತಾರೆ. ಅಲ್ಲಿಯ ಏರಿನಲ್ಲಿ ಕಾರು ಕೆಮ್ಮಿತು, ಮುಗ್ಗರಿಸಿತು, ನಿಂತುಬಿಟ್ಟಿತು. ಚಾಲಕ ಭರಮಪ್ಪ ಎಂಜಿನ್ನು ಎಬ್ಬಿಸುವ ಹಿಡಿಕೆ ತಿರುಗಿಸಿ ತಿರುಗಿಸಿ ಅಂಗೈ ಸುಲಿದುಕೊಂಡ. ತಾಸಿನ ಮೇಲೆ ಕಾರು ತಾನಾಗಿಯೇ ಹೊರಟಿತು, ಏನೂ ಆಗಿಲ್ಲವೆಂಬಂತೆ. ಅಷ್ಟರಲ್ಲಿ ಕಾಶವ್ವ ಅತ್ತೆಯ ತೊಡೆಯ ಮೇಲೆ ತಣ್ಣಗಾಗಿದ್ದಳು. ಕೂಸು ಅವಳ ಹೊಟ್ಟೆಯಲ್ಲೇ ಉಳಿಯಿತು.

ವರ್ಷ ಕಳೆಯಿತು. ಈರಣ್ಣನಿಗೆ ಎರಡನೆಯ ಹೆಂಡತಿಯಾಗಿ ಚೆನ್ನವ್ವ ಬಂದಳು. ಅವಳ ದಿಬ್ಬಣದ ದಿನವೇ ಕಾರು ಮತ್ತೆ ನಿಂತಿತಂತೆ. ಆದರೆ ಜೋಡುಬೇವಿನ ಹತ್ತಿರವಲ್ಲ, ಅದಕ್ಕಿಂತ ಈಚೆ, ಊರಿನಿಂದ ಐದು ಮೈಲಿಗೆ, ಮಾಸ್ತಿಕಲ್ಲಿನ ಹತ್ತಿರ. ಕೆಲವು ತಿಂಗಳ ಮೇಲೆ ಇನ್ನೂ ಈಚೆ, ಎರಡು ಮೈಲಿಗೆ, ಒಡ್ಡರ ಬಾವಿಯ ಹತ್ತಿರ. ಆಗ ಜನರು ಮುಖ ಮುಖ ನೋಡಿಕೊಂಡರು. ನೀರಿಗೆ ಹೋದ ಹೆಂಗಸರು ಕೊಡ ಕೆಳಗಿಟ್ಟು ಪಿಸುಗುಟ್ಟಿದರು.

“ಕಾಶವ್ವ ನಡಕೋಂತ ಮನೀಗೆ ಬರಾಕತ್ತಾಳವ್ವ. ಜೋಡುಬೇವಿನಿಂದ ಬಿಟ್ಟಾಳ, ಈಗ ಬಾವಿಗೆ ಬಂದಾಳ.”

ಈ ಮಾತು ನೀಲಗಂಗವ್ವನ ಕಿವಿಗೂ ಬಿತ್ತು. ಅವಳು ಪಟ್ಟಣದಿಂದ ಮಿಸ್ತ್ರಿಗಳನ್ನು ಕರೆಸಿದಳು. ಒಬ್ಬ ಬಂದು ಪ್ಲಗ್ಗು ಬದಲಿಸಿದ. ಇನ್ನೊಬ್ಬ ಬಂದು ಕಾರ್ಬುರೇಟರ್ ಬಿಚ್ಚಿ ತೊಳೆದ. ಮತ್ತೊಬ್ಬ ತಂತಿಗಳನ್ನೆಲ್ಲ ಹೊಸದು ಹಾಕಿದ. ಅಂಗಳದಲ್ಲಿ ನಿಂತಾಗ ಕಾರು ಜೇನುಹುಟ್ಟಿನಂತೆ ಗುಂಯ್‌ಗುಡುತ್ತಿತ್ತು, ಅವರೆಲ್ಲರೂ ಸರಿಯಾಯಿತೆಂದು ಹೇಳಿ ಹೋಗುತ್ತಿದ್ದರು. ಹೊರಟರೆ ಅದೇ ಕೆಮ್ಮು, ಅದೇ ಮುಗ್ಗರಿಕೆ. ನೀಲಗಂಗವ್ವ ತನಗೆ ತಿಳಿದುದನ್ನು ತಾನು ಮಾಡಿದಳು. ಪ್ರತಿ ಅಮಾವಾಸ್ಯೆಗೆ ಕಾರಿಗೆ ಮಾಡುತ್ತಿದ್ದ ಪೂಜೆಯನ್ನು ಪ್ರತಿ ಶುಕ್ರವಾರಕ್ಕೆ ಏರಿಸಿದಳು.

ಚೆನ್ನವ್ವ ಬಸುರಾಗಿ ಒಂಬತ್ತು ತಿಂಗಳು ತುಂಬಿತು. ಸೂಲಗಿತ್ತಿ ಹೊಟ್ಟೆ ಮುಟ್ಟಿ ನೋಡಿ, ಕೂಸು ಅಡ್ಡ ಮಲಗಿದೆ, ಎತ್ತಿನ ಗಾಡಿಯ ಕುಲುಕಾಟ ಕೂಡದು, ಕಾರಿನಲ್ಲೇ ಆಸ್ಪತ್ರೆಗೆ ಒಯ್ಯಿರೆಂದಳು. ನೋವು ಬರುವ ಮೊದಲೇ ಬಿಟ್ಟುಬರೋಣವೆಂದು ಒಂದು ಮುಂಜಾನೆ ಹೊರಡಿಸಿದರು. ಕಾರು ಅರ್ಧ ಮೈಲಿಯೂ ಹೋಗಲಿಲ್ಲ. ಊರ ಅಗಸಿಯ ಬಾಗಿಲಲ್ಲೇ ನಿಂತಿತು.

ಚೆನ್ನವ್ವ ಇಳಿದು, ಹೊಟ್ಟೆ ಹಿಡಿದುಕೊಂಡು, ಮನೆಯವರೆಗೆ ನಡೆದೇ ಬಂದಳು. “ಅತ್ತಿ, ಅಕ್ಕ ಅಗಸಿಗೆ ಬಂದಾಳ. ಇನ್ನ ಉಳಿದಿದ್ದು ನಮ್ಮ ಹೊಸ್ತಿಲ ಒಂದ,” ಎಂದಳಂತೆ. ಅಂದಿನಿಂದ ಅವಳು ಹೊಸ್ತಿಲಿನ ಕಡೆಗೆ ತಲೆಯಿಟ್ಟು ಮಲಗಲಿಲ್ಲ.

ಆಗ ಭರಮಪ್ಪ ಗಾಡಿ ಕಟ್ಟಿಕೊಂಡು ಹೋಗಿ ದಾವಲಸಾಬನನ್ನು ಕರೆತಂದ.

ದಾವಲಸಾಬ ಪಿಂಜಾರರವನು, ಬಿಲ್ಲಿನ ಹೆದೆ ಮಿಡಿದು ಹತ್ತಿ ಎಕ್ಕುವವರ, ಎಂದರೆ ಹಿಂಜುವವರ ಮಗ. ಚಿಕ್ಕಂದಿನಲ್ಲಿ ದೊಡ್ಡ ಜ್ವರ ಬಂದು ಎರಡೂ ಕಿವಿ ಹೋದವು ಎನ್ನುತ್ತಾರೆ. ತಂದೆ ಹತ್ತಿ ಎಕ್ಕುವಾಗ ಆ ಕಿವುಡ ಮಗು ಬಿಲ್ಲಿನ ತುದಿಯನ್ನು ಹಲ್ಲಿನಿಂದ ಕಚ್ಚಿ ಹಿಡಿಯುತ್ತಿತ್ತು. ಹೆದೆಯ ಮಿಡಿತವು ಹಲ್ಲಿನಿಂದ ತಲೆಗೆ ಏರುತ್ತಿತ್ತು. ಹತ್ತಿ ಹಸಿಯೋ ಒಣಗಿದ್ದೋ ಎಂದು ಅಷ್ಟರಿಂದಲೇ ಹೇಳುತ್ತಿತ್ತಂತೆ. ಬೆಳೆದ ಮೇಲೆ ಅದೇ ಬಿಲ್ಲಿನ ಮುರಿದ ತುಂಡೊಂದನ್ನು ಇಟ್ಟುಕೊಂಡು ಎಂಜಿನ್ನುಗಳ ರೋಗ ಹೇಳುವವನಾದ. ಒಂದು ತುದಿ ಯಂತ್ರಕ್ಕೆ, ಇನ್ನೊಂದು ತುದಿ ಹಲ್ಲಿಗೆ. ಕೇಳುವಾಗ ಅವನ ಕಣ್ಣುಗುಡ್ಡೆಗಳು ಮೇಲೆ ಸರಿದು ಬರೀ ಬಿಳುಪು ಕಾಣುತ್ತಿತ್ತು ಎನ್ನುತ್ತಾರೆ. ಮನುಷ್ಯರಿಗೆ ಮಾತ್ರ ಆ ಕೋಲನ್ನು ಎಂದೂ ಮುಟ್ಟಿಸುತ್ತಿರಲಿಲ್ಲ. ಯಂತ್ರವು ಸುಳ್ಳು ಹೇಳುವುದಿಲ್ಲ, ಮನುಷ್ಯರ ಎದೆಯ ಸದ್ದು ತನಗೆ ಬೇಡವೆನ್ನುತ್ತಿದ್ದನಂತೆ.

ಅವನನ್ನು ನೋಡಿ ಅಗಸಿಯ ಕಟ್ಟೆಯ ಮೇಲಿದ್ದ ಹುಡುಗಾಟದವರು ನಕ್ಕರು. “ಭರಮಪ್ಪಾ, ಕುಂಟ ಕಾರಿಗೆ ಕಿವುಡ ವೈದ್ಯನ್ನ ತಂದ್ಯಾ? ಇನ್ನೊಬ್ಬ ಕುರುಡನ್ನೂ ಹುಡುಕು, ಜಾತ್ರಿ ಆಗ್ತೈತಿ!” ದಾವಲಸಾಬ ಅವರ ತುಟಿ ಓದಿಕೊಂಡು, ತಾನೂ ನಕ್ಕು, ಮುಂದೆ ನಡೆದ.

ಏನು ಕೆಟ್ಟಿದೆಯೆಂದು ಅವನು ಕೇಳಲಿಲ್ಲ. ಎಲ್ಲಿ ನಿಂತಿತೆಂದು ಕೇಳಿದ. ಭರಮಪ್ಪ ಧೂಳಿನಲ್ಲಿ ಗೆರೆ ಎಳೆದು ತೋರಿಸಿದ: ಜೋಡುಬೇವು, ಮಾಸ್ತಿಕಲ್ಲು, ಬಾವಿ, ಅಗಸಿ. ದಾವಲಸಾಬ ಆ ಗೆರೆಯನ್ನು ಬಹಳ ಹೊತ್ತು ನೋಡಿದ. ಅಂಗಳದಲ್ಲಿ ಏನನ್ನೂ ಬಿಚ್ಚಗೊಡಲಿಲ್ಲ. ರೋಗಿಯು ಬೀಳುವಾಗ ನೋಡಬೇಕು, ಎದ್ದು ಕುಳಿತಾಗ ನೋಡಿ ಫಲವಿಲ್ಲವೆಂದು ಹೇಳಿ, ಕಾರನ್ನು ಓಡಿಸೆಂದ. ನೀಲಗಂಗವ್ವನೂ ಹಿಂದೆ ಕುಳಿತಳು. ಅಗಸಿಯ ಹತ್ತಿರ ಕಾರು ಕೆಮ್ಮಿತು. ನಿಂತಿತು.

ದಾವಲಸಾಬ ಇಳಿದು ಮುಂದಿನ ಮುಚ್ಚಳ ಎತ್ತಿ, ಭರಮಪ್ಪನಿಗೆ ಹಿಡಿಕೆ ತಿರುಗಿಸಲು ಹೇಳಿ, ಕೋಲನ್ನು ಕಚ್ಚಿದ. ಎದೆ ಬಡಿಯುತ್ತಿದೆ, ಆದರೆ ನರದಲ್ಲಿ ರಕ್ತವಿಲ್ಲ ಎಂದ. ಪೆಟ್ರೋಲು ಬರುತ್ತಿಲ್ಲವೆಂದು ಅದರ ಅರ್ಥ. ಟಾಕಿಯ ತುಂಬ ಪೆಟ್ರೋಲು ಇದೆಯಲ್ಲ ಎಂದ ಭರಮಪ್ಪ. ದಾವಲಸಾಬ ಹಿಂದಕ್ಕೆ ನಡೆದು ಟಾಕಿಗೆ ಕೋಲು ಹಚ್ಚಿದ. ಅದರ ತಗಡು ಹಸಿದವನ ಹೊಟ್ಟೆಯಂತೆ ಒಳಕ್ಕೆ ಸೆಳೆದುಕೊಂಡಿತ್ತು. ಅವನು ಮುಚ್ಚಳವನ್ನು ಮೆಲ್ಲಗೆ ತಿರುವಿದ.

ಆಗ ಒಂದು ಸದ್ದು ಬಂತು. ನೀರಿನಲ್ಲಿ ಮುಳುಗಿದ ಹೆಂಗಸು ತಲೆಯೆತ್ತಿ ಉಸಿರೆಳೆದಂಥ ಸದ್ದು. ಉದ್ದವಾಗಿ, ಒಳಮುಖವಾಗಿ. ಕಟ್ಟೆಯ ಮೇಲಿನವರು ಎದ್ದು ಓಡಿದರು. ನೀಲಗಂಗವ್ವನಿಗೆ ಮಾತ್ರ ಆ ಸದ್ದು ಗೊತ್ತಿತ್ತು. ಕಾಶವ್ವ ಅವಳ ತೊಡೆಯ ಮೇಲೆ ಎಳೆದ ಕಡೆಯ ಉಸಿರು ಅದೇ ಆಗಿತ್ತು. ಅದನ್ನು ಕೇಳದವನು ಅಲ್ಲಿ ದಾವಲಸಾಬನೊಬ್ಬನೇ.

ಟಾಕಿಯಿಂದ ಪೆಟ್ರೋಲು ಹೊರಟಷ್ಟೂ ಒಳಗೆ ಗಾಳಿ ಬರಬೇಕು. ಅದಕ್ಕಾಗಿ ಮುಚ್ಚಳದಲ್ಲಿ ಸಾಸಿವೆಯಷ್ಟು ತೂತು ಇರುತ್ತದೆ. ದಾವಲಸಾಬ ಆ ತೂತನ್ನು ಜಾಲಿಮುಳ್ಳಿನಿಂದ ಬಿಡಿಸಿದ. ಗಟ್ಟಿಯಾದ ಪುಡಿ ಉದುರಿತು. ಕೆಂಪು, ಹಳದಿ, ಮತ್ತೆ ಕೆಂಪು. ಕುಂಕುಮ, ಅರಿಷಿಣ, ಹರಳೆಣ್ಣೆ.

ಕಾರು ಉಣ್ಣುವ ಬಾಯಿ ಅದೆಂದು ತಿಳಿದು, ಅದು ಬಂದ ದಿನದಿಂದ ನೀಲಗಂಗವ್ವ ಅಲ್ಲಿಗೇ ಪೂಜೆ ಮಾಡುತ್ತಿದ್ದಳು. ತೂತು ಮುಚ್ಚುತ್ತ ಬಂದಂತೆ ಕಾರು ನಿಲ್ಲುವ ಜಾಗ ಈಚೆ ಈಚೆ ಸರಿದಿತ್ತು. ಅವಳು ಹೆದರಿದಷ್ಟೂ ಹೆಚ್ಚು ಬಳಿದಿದ್ದಳು. ಅವಳು ತನ್ನ ಬೆರಳನ್ನು ನೋಡಿಕೊಂಡಳು.

ದಾವಲಸಾಬ ಆ ಪುಡಿಯನ್ನು ನೋಡಿದ. ಅವಳ ಉಂಗುರಬೆರಳಿನ ಕೆಂಪನ್ನು ನೋಡಿದ. ಪುಡಿಯನ್ನು ತನ್ನ ರುಮಾಲಿನ ಅಂಚಿನಲ್ಲಿ ಒರೆಸಿ ಗಂಟುಹಾಕಿಕೊಂಡ. “ಏನಿತ್ತು ಸಾಬ?” ಎಂದು ಭರಮಪ್ಪ ಕೈಮಾಡಿ ಕೇಳಿದಾಗ, “ಧೂಳು,” ಎಂದ. ಅಷ್ಟೇ ಎಂದ.

ಮರುದಿನ ಮಧ್ಯಾಹ್ನಕ್ಕೆ ಮುಂಚೆ ಚೆನ್ನವ್ವನಿಗೆ ನೋವು ಬಂತು. ಅವಳು ಕಾರು ಹತ್ತಲು ಒಲ್ಲೆನೆಂದು ಕಂಬ ಹಿಡಿದುಕೊಂಡಳು. ದಾವಲಸಾಬ ತಾನೂ ಬರುತ್ತೇನೆಂದು ಮುಂದೆ ಕುಳಿತ ಮೇಲೆಯೇ ಕೈ ಬಿಟ್ಟಳು. ಕಾರು ಅಗಸಿ ದಾಟಿತು. ಬಾವಿ ದಾಟಿತು. ಮಾಸ್ತಿಕಲ್ಲು ದಾಟಿತು. ಚೆನ್ನವ್ವನ ತಲೆ ನೀಲಗಂಗವ್ವನ ತೊಡೆಯ ಮೇಲೆ, ಅದೇ ತೊಡೆಯ ಮೇಲೆ ಇತ್ತು.

ಜೋಡುಬೇವಿನ ಏರು ಬಂದಾಗ ಬಿಸಿಲು ನೆತ್ತಿಯ ಮೇಲಿತ್ತು, ಎಲೆ ಅಲುಗುತ್ತಿರಲಿಲ್ಲ. ಕೋಲನ್ನು ಕಾರಿನ ಮುಂದಿನ ಹಲಗೆಗೆ ಆನಿಸಿ ಕಚ್ಚಿಕೊಂಡಿದ್ದ ದಾವಲಸಾಬ ಒಮ್ಮೆಲೇ ಭರಮಪ್ಪನ ಕಡೆಗೆ ಸರಿದ. ಬಾಗಿಲ ಪಕ್ಕದಲ್ಲಿ ಒಬ್ಬರು ಕೂಡುವಷ್ಟು ಜಾಗ ಬಿಟ್ಟ. ಆ ಮಗ್ಗುಲು ಕಾರು ಕೆಳಕ್ಕೆ ಇಳಿಯಿತು ಎನ್ನುತ್ತಾರೆ, ಯಾರೋ ಹತ್ತಿ ಕುಳಿತಾಗ ಇಳಿಯುವಂತೆ. ಎಂಜಿನ್ನಿನ ಸದ್ದು ಭಾರವಾಯಿತು. ವೇಗ ತಗ್ಗಿತು. ಭರಮಪ್ಪನಿಗೆ ತಿರುಗಿ ನೋಡಲು ಧೈರ್ಯವಾಗಲಿಲ್ಲ.

ಸುಮ್ಮನಿದ್ದರೆ ಧೂಳು ಧೂಳಾಗಿಯೇ ಉಳಿಯುತ್ತಿತ್ತು. ನೀಲಗಂಗವ್ವ ಸುಮ್ಮನಿರಲಿಲ್ಲ. ಸೊಸೆ ಕೇಳಲಿ, ಚಾಲಕ ಕೇಳಲಿ, ಊರೇ ಕೇಳಲಿ ಎಂಬಂತೆ ಆ ಖಾಲಿ ಜಾಗಕ್ಕೆ ಹೇಳಿದಳು.

“ಕಾಶವ್ವಾ, ಅದು ಧೂಳಲ್ಲವ್ವ. ನಾ ಹಚ್ಚಿದ ಕುಂಕುಮ. ನನ್ನ ಕೈಯಿಂದನ ನೀ ಹೋದಿ. ನಿನ್ನ ಸಿಟ್ಟು ನನ್ನ ಮ್ಯಾಲಿರಲಿ. ಈಕಿ ನಿನ್ನ ತಂಗಿ. ಈಕೀನ್ನ ದವಾಖಾನಿಗೆ ಮುಟ್ಟಿಸಿಬಿಡು.”

ದಾವಲಸಾಬನ ಹಲ್ಲಿನಲ್ಲಿದ್ದ ಕೋಲು ನಡುಗಿತು. ಕಿವಿಯಿಲ್ಲದ ಅವನು ಆ ಮಾತನ್ನು ಕೋಲಿನಿಂದ ಕೇಳಿದನೆಂದು ಕೆಲವರು ಹೇಳುತ್ತಾರೆ. ಆ ಮಾತಿಗೆ ಬಂದ ಉತ್ತರವನ್ನೂ ಕೇಳಿದನೆಂದು ಇನ್ನು ಕೆಲವರು ಹೇಳುತ್ತಾರೆ. ಕಾರು ನಿಲ್ಲಲಿಲ್ಲ. ಆ ಭಾರವನ್ನು ಹೊತ್ತುಕೊಂಡೇ ಏರು ಹತ್ತಿತು. ಪಟ್ಟಣದವರೆಗೂ ಆ ಮಗ್ಗುಲು ತಗ್ಗಿಯೇ ಇತ್ತು. ಆಸ್ಪತ್ರೆಯ ಬಾಗಿಲಲ್ಲಿ ದಾವಲಸಾಬ ಭರಮಪ್ಪನ ಕಡೆಯಿಂದ ಇಳಿದು, ಸುತ್ತಿ ಬಂದು, ಖಾಲಿ ಜಾಗದ ಬಾಗಿಲು ತೆರೆದು, ಕೆಲ ಹೊತ್ತು ಹಿಡಿದುಕೊಂಡೇ ನಿಂತ. ಆಮೇಲೆ ಮೆಲ್ಲಗೆ ಮುಚ್ಚಿದ.

ತಾಯಿಯೂ ಉಳಿದಳು, ಕೂಸೂ ಉಳಿಯಿತು. ಬಾಣಂತನದ ತಿಂಗಳು ಮುಗಿದ ಮೇಲೆ ನೀಲಗಂಗವ್ವ ಕಾರು ಹತ್ತದೆ, ಬರಿಗಾಲಿನಲ್ಲಿ ಕಾಶವ್ವನ ತವರಿಗೆ ನಡೆದುಹೋಗಿ, ಅವಳ ತಾಯಿಯ ಮುಂದೆ ಎಲ್ಲವನ್ನೂ ಹೇಳಿದಳು. ಆ ತಾಯಿ ಏನೆಂದಳೆಂಬುದನ್ನು ನಮ್ಮ ಕಡೆ ಯಾರೂ ಹೇಳುವುದಿಲ್ಲ. ನಾನೂ ಕೇಳಿಲ್ಲ.

ದಾವಲಸಾಬ ಹೋಗಿ ಎಷ್ಟೋ ಕಾಲವಾಯಿತು. ಅವನ ಕೋಲನ್ನು ಅವನ ಜೊತೆಯಲ್ಲೇ ಮಣ್ಣು ಮಾಡಿದರಂತೆ. ಈಗಲೂ ಎರೆಕೊಪ್ಪದ ಕಡೆ ಗಾಡಿಗೆ ಪೂಜೆ ಮಾಡಿದರೆ ಕುಂಕುಮವನ್ನು ಗಾಜಿಗೆ ಹಚ್ಚುತ್ತಾರೆಯೇ ಹೊರತು ಟಾಕಿಯ ಮುಚ್ಚಳಕ್ಕೆ ಮುಟ್ಟಿಸುವುದಿಲ್ಲ. ಬಸುರಿಯನ್ನು ಕರೆದೊಯ್ಯುವ ಗಾಡಿಯ ಮುಚ್ಚಳವನ್ನು ಹೊರಡುವ ಮೊದಲು ಒಮ್ಮೆ ಸಡಿಲಿಸಿ, “ಉಸಿರಾಡವ್ವ,” ಎಂದು ಮತ್ತೆ ಬಿಗಿಯುತ್ತಾರೆ. ಜೋಡುಬೇವು ಬಂದಾಗ ಮುಂದೆ ಕುಳಿತವರು, ಎಷ್ಟೇ ಇಕ್ಕಟ್ಟಿರಲಿ, ದಾವಲಸಾಬನ ಹೆಸರು ಹೇಳಿ ಒಂದು ಗೇಣು ಒಳಕ್ಕೆ ಸರಿದು ಕೂಡುತ್ತಾರೆ.

ನನಗೆ ತಿಳಿದದ್ದು ಇಷ್ಟು. ಬರಹದಲ್ಲಿ ತಪ್ಪುಗಳಿದ್ದರೆ ಓದಿದವರು ದಯವಿಟ್ಟು ಕ್ಷಮಿಸಬೇಕು.